ಲ್ಹಾಕ್ಯಿಯ ನಲವತ್ತೊಂಬತ್ತು ದಿನ

ನಮ್ಮ ಕಣಿವೆಯಲ್ಲಿ ಬಾರ್ಲಿ ಹುರಿಯಲು ಲ್ಹಾಕ್ಯಿಯೇ ಬೇಕು. ಬಾಣಲೆಯ ಮರಳು ಕಾದಿದೆಯೇ ಎಂದು ಅವಳು ಕಣ್ಣಿನಿಂದ ನೋಡುವುದಿಲ್ಲ. ಬಗ್ಗಿ ಕೆನ್ನೆಯಿಂದ ತಿಳಿಯುತ್ತಾಳೆ. ಅದಕ್ಕೇ ಅವಳ ಎಡಗೆನ್ನೆ ಯಾವಾಗಲೂ ಕೆಂಪು. ಗಂಡ ತೀರಿಕೊಂಡ ಮೇಲೆ ಆ ಬಾಣಲೆಯಿಂದಲೇ ಮಗಳನ್ನು ಓದಿಸಿದಳು. ಮಗಳ ಹೆಸರನ್ನು ನಾನು ಬರೆಯುವುದಿಲ್ಲ. ಹೋದವರನ್ನು ಹೆಸರು ಹಿಡಿದು ಕರೆದರೆ ಅವರು ತಿರುಗಿ ನೋಡುತ್ತಾರೆ, ದಾರಿ ತಪ್ಪುತ್ತಾರೆ.

ಮಗಳು ಚೆಂಗ್ಡು ನಗರದಲ್ಲಿ ಆನ್‌ಲೈನ್ ಪಾಠ ನಡೆಸುವ ಕಂಪನಿಯೊಂದರಲ್ಲಿ ಗಣಿತದ ಟೀಚರ್ ಆಗಿದ್ದಳು. ಊರಿಗೆಲ್ಲ ಸಿಗ್ನಲ್ ಸಿಗುವುದು ಮೇಲಿನ ತಿರುವಿನಲ್ಲಿರುವ ನನ್ನ ಚಹಾದಂಗಡಿಯಲ್ಲಿ ಮಾತ್ರ. ಮಧ್ಯಾಹ್ನವಾದರೆ ಲ್ಹಾಕ್ಯಿ ಫೋನ್ ಹಿಡಿದು ಹತ್ತಿ ಬರುತ್ತಿದ್ದಳು. ಪಾಠವೆಲ್ಲ ಚೀನೀ ಭಾಷೆಯಲ್ಲಿ. ಅವಳಿಗೆ ಒಂದಕ್ಷರ ತಿಳಿಯದು. ನನ್ನದೂ ಗಿರಾಕಿಗಳ ಮಾತು ಕೇಳಿ, ಚಹಾ ಪೊಟ್ಟಣಗಳ ಮೇಲಿನ ಅಕ್ಷರ ಕೂಡಿಸಿ ಕಲಿತ ಚೀನೀ. ಪಾಠದ ಕೊನೆಗೆ ಮಗಳು, "ಅರ್ಥವಾದವರು ಒಂದು ಒತ್ತಿ" ಎನ್ನುತ್ತಿದ್ದಳು. ದೂರದ ನಗರಗಳ ಮಕ್ಕಳೆಲ್ಲರಿಗಿಂತ ಮೊದಲು ಲ್ಹಾಕ್ಯಿಯ ಹೆಬ್ಬೆರಳು ಪರದೆಯಲ್ಲಿ ಒಂದನ್ನು ಒತ್ತಿರುತ್ತಿತ್ತು.

ಆಮೇಲೆ ಮಗಳ ಫೋನ್ ಬರುತ್ತಿತ್ತು. "ಏನಮ್ಮಾ, ಭಿನ್ನರಾಶಿ ಇವತ್ತೂ ನಿಂಗೇ ಮೊದ್ಲು ಅರ್ಥ ಆಯ್ತಾ?"

"ನೀನ್ ಹೇಳಿದ್ಮೇಲೆ ಅರ್ಥ ಆಗ್ದೇ ಇರುತ್ತೇನೇ? ಬೆಳಿಗ್ಗೆ ಏನ್ ತಿಂದೆ, ಅದ್ ಹೇಳು."

ಪಾಠ ಹೇಳುವಾಗ ಅವಳ ಬೆನ್ನ ಹಿಂದೆ ನಮ್ಮ ಬೆಟ್ಟದ ಚಿತ್ರವಿರುತ್ತಿತ್ತು. ನಾವು ಅದನ್ನು ಅಜ್ಜ ಎನ್ನುತ್ತೇವೆ. ಅಜ್ಜನನ್ನು ಸುತ್ತುತ್ತೇವೆ, ಹತ್ತುವುದಿಲ್ಲ. ನನಗೆ ತಿಳಿದಂತೆ ಹತ್ತಲು ಹೊರಗಿನವರ ಎರಡೇ ತಂಡಗಳು ಬಂದಿವೆ. ಎರಡೂ ಅರ್ಧದಿಂದಲೇ ಇಳಿದವು.

ಕಳೆದ ವರ್ಷ ಸರ್ಕಾರದ ನಿಯಮ ಬದಲಾಗಿ ಕಂಪನಿ ಟೀಚರುಗಳನ್ನು ಮನೆಗೆ ಕಳಿಸಿತು. ಕೊನೆಯ ಪಾಠದಲ್ಲಿ ಒಂದು ಮಗು ಕೇಳಿತು: "ಟೀಚರ್, ನಿಮ್ಮ ಹಿಂದಿರೋ ಬೆಟ್ಟದ ತುದೀಲಿ ಏನಿದೆ?"

"ಹೋಗಿ ನೋಡ್ಕೊಂಡು ಬಂದು ಹೇಳ್ತೀನಿ. ಅರ್ಥವಾದವರು ಒಂದು ಒತ್ತಿ" ಎಂದು ಅವಳು ನಕ್ಕಳು.

ಲ್ಹಾಕ್ಯಿ ಎಂದಿನಂತೆ ಒತ್ತಿದಳು. ಮಾತು ತಿಳಿದಿದ್ದ ನಾನು, ತಮಾಷೆ ಇರಬೇಕು ಎಂದುಕೊಂಡು ಸುಮ್ಮನಿದ್ದೆ. ಆ ಸುಮ್ಮನಿದ್ದುದನ್ನು ಪ್ರತಿದಿನ ಪ್ರಾರ್ಥನೆಯಲ್ಲಿ ತಪ್ಪೆಂದು ಒಪ್ಪಿಕೊಳ್ಳುತ್ತೇನೆ.

ಬೇಸಿಗೆಯಲ್ಲಿ ಅವಳು ಇಬ್ಬರು ಜೊತೆಗಾರರೊಂದಿಗೆ ಬಂದಳು. ಅಮ್ಮನಿಗೆ, "ಮೇಲಿನ ಹುಲ್ಲುಗಾವಲಿನ ತನಕ ಅಷ್ಟೇ" ಎಂದಳು. ಮೂರನೆಯ ದಿನ ಹಿಮ ಕುಸಿಯಿತು. ಇಬ್ಬರು ಇಳಿದು ಬಂದರು. ಅವಳನ್ನು ಅಜ್ಜ ಕೊಡಲಿಲ್ಲ.

ಕುದುರೆ ಹೊಡೆಯುವ ಗೆಲೆಕ್ ನನ್ನ ಅಂಗಡಿಯಲ್ಲಿ ಕೂತು, "ಅಜ್ಜನ ತಲೆ ಮೇಲೆ ಕಾಲಿಡೋಕೆ ಹೋದ್ರೆ ಬಿಡ್ತಾನಾ?" ಎಂದ. ಬಾಗಿಲಲ್ಲಿ ಲ್ಹಾಕ್ಯಿ ನಿಂತಿದ್ದಳು.

"ಮೂರು ವರ್ಷದವಳಿದ್ದಾಗ ನನ್ ತಲೆ ಮೇಲೂ ಹತ್ತಿ ಕೂರೋಳು, ಗೆಲೆಕ್. ನಾನೇನು ಕೊಡವಿ ಬೀಳಿಸಿದ್ನಾ?"

ಗೆಲೆಕ್ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಸತ್ತವರ ಜೀವ ಮುಂದಿನ ಜನ್ಮಕ್ಕೆ ದಾರಿ ನಡೆಯುವ ನಲವತ್ತೊಂಬತ್ತು ದಿನ ಹೆಸರು ಹೇಳಬಾರದು, ಅಳಬಾರದು ಎಂದರು ಲಾಮಾ. ಮುಗಿದ ಪಾಠಗಳು ಫೋನಿನಲ್ಲಿ ಮತ್ತೆ ಕೇಳಲು ಸಿಗುತ್ತಿದ್ದವು. ಮಗಳ ಧ್ವನಿ ಉಳಿದಿದ್ದದ್ದು ಅಲ್ಲಿ ಮಾತ್ರ. ಲ್ಹಾಕ್ಯಿ ಆ ಫೋನನ್ನು ಬಿಳಿ ರೇಷ್ಮೆಯ ಶಾಲಿನಲ್ಲಿ ಸುತ್ತಿ ನನ್ನ ಅಂಗಡಿಯ ಗೂಡಿನಲ್ಲಿಟ್ಟಳು. "ಐವತ್ತನೇ ದಿನ ಬಂದು ಕೇಳ್ತೀನಿ."

ನಲವತ್ತನೆಯ ದಿನ, ಬೆಟ್ಟದಿಂದ ಬದುಕಿ ಬಂದಿದ್ದ ಜೊತೆಗಾತಿ ನನಗೆ ಫೋನ್ ಮಾಡಿದಳು. ಕಂಪನಿ ಪೂರ್ತಿ ಮುಚ್ಚುತ್ತಿದೆ, ಇನ್ನು ಆರು ದಿನಕ್ಕೆ ಹಳೆಯ ಪಾಠಗಳೆಲ್ಲ ಅಳಿಸಿಹೋಗುತ್ತವೆ ಎಂದಳು. ಅಂಗಡಿ ಹಾಗೇ ಬಿಟ್ಟು ಕೆಳಗೆ ಓಡಿದೆ. ಲ್ಹಾಕ್ಯಿ ಬಾಣಲೆಯ ಮುಂದಿದ್ದಳು.

"ಅಕ್ಕಾ, ಮೂರು ದಿನದ ಹೆಚ್ಚುಕಮ್ಮಿ. ಈಗ್ಲೇ ಕೇಳ್ಬಿಡು."

"ಕೇಳಿದ್ರೆ ಅಳ್ತೀನಿ ಕಣೇ. ನಾನ್ ಅತ್ರೆ ಅವಳ ದಾರೀಲಿ ಆಲಿಕಲ್ಲು ಬೀಳುತ್ತೆ."

"ನೀನ್ ಕೇಳ್ಬೇಡ. ನಾನು ನನ್ ಫೋನಿಗೆ ತುಂಬಿಸಿಟ್ಟು ಆಮೇಲೆ ಕೊಡ್ತೀನಿ."

ಅವಳು ಬಹಳ ಹೊತ್ತು ಮರಳು ಕೆದಕಿದಳು.

"ನಿನ್ ಹತ್ರ ಅವಳ ಧ್ವನಿ ಇದೆ ಅಂತ ಗೊತ್ತಾದ್ರೆ ಆವತ್ತೇ ಬಂದು ಬಾಗಿಲು ಬಡೀತೀನಿ. ನಿಂಗೂ ಮನಸ್ಸು ತಡೀಯಲ್ಲ, ತೆಗೀತೀಯ. ಚಿಕ್ಕೋಳಿದ್ದಾಗ ಶಾಲೆಗೆ ಹೋಗೋವಾಗ ಒಂದ್ಸಲ ಕೂಗಿದ್ರೆ ಸಾಕು, ಅರ್ಧ ದಾರಿಯಿಂದ ಓಡಿ ಬಂದ್ಬಿಡೋಳು. ಬೇಡ. ಹೋಗ್ಲಿ ಅವಳು."

ಪಾಠಗಳು ಅಳಿಸಿಹೋಗುವ ನಲವತ್ತಾರನೆಯ ದಿನ ನಾನು ಫೋನ್ ಮುಟ್ಟದೆ ಜಪಮಾಲೆ ಹಿಡಿದು ಕೂತೆ. ಗೂಡಿನ ಕಡೆ ನೋಡಲೂ ಭಯವಾಗುತ್ತಿತ್ತು. ಅಂದು ಕೆಳಗಿನಿಂದ ಸೀದ ವಾಸನೆ ಬಂತು. ಲ್ಹಾಕ್ಯಿಯ ಬಾರ್ಲಿ ಸೀದದ್ದು ಅದೇ ಮೊದಲು.

ನಲವತ್ತೊಂಬತ್ತನೆಯ ದಿನದ ದೀಪಗಳು ಉರಿದು ಮುಗಿದವು. ಮರುದಿನ ಮಧ್ಯಾಹ್ನ, ಪಾಠದ ಹೊತ್ತಿಗೆ ಸರಿಯಾಗಿ, ಅವಳು ಹತ್ತಿ ಬಂದಳು. ಎಲ್ಲ ತಿಳಿದಿದ್ದೂ ಕೂದಲು ಬಾಚಿಕೊಂಡು ಬಂದಿದ್ದಳು. ಶಾಲು ಬಿಚ್ಚಿ, ಫೋನಿಗೆ ಚಾರ್ಜ್ ಕೊಟ್ಟು ಪಾಠ ತೆರೆದಳು. ಪರದೆಯ ತುಂಬ ಬೂದು ಬಣ್ಣ, ನಡುವೆ ನಾಲ್ಕು ಸಾಲು.

"ಏನಂತೆ?"

"ಸೇವೆ ನಿಂತಿದೆ, ಇಷ್ಟು ವರ್ಷ ಜೊತೇಲಿ ಇದ್ದಿದ್ದಕ್ಕೆ ವಂದನೆ ಅಂತ."

"ಕೆಳಗೆ ಒತ್ತೋ ಜಾಗದಲ್ಲಿ?"

"'ನನಗೆ ಅರ್ಥವಾಯಿತು' ಅಂತಿದೆ, ಅಕ್ಕಾ. ಒತ್ತಿದ್ರೆ ಇದೂ ಮುಚ್ಚಿಹೋಗುತ್ತೆ."

ಅಭ್ಯಾಸದಿಂದ ಅವಳ ಹೆಬ್ಬೆರಳು ಅಲ್ಲಿಗೆ ಹೋಯಿತು. ಅಲ್ಲೇ ನಿಂತಿತು.

"ಇಲ್ಲ ಕಣೇ" ಎಂದಳು. "ನಂಗೆ ಅರ್ಥ ಆಗ್ಲಿಲ್ಲ."

ಫೋನನ್ನು ಹಾಗೇ ಮೇಜಿನ ಮೇಲಿಟ್ಟಳು. ಐವತ್ತನೆಯ ದಿನ ಅಳಬಹುದು. ನಾನು ಅಂಗಡಿಯ ಬಾಗಿಲು ಹಾಕಿ ಬಂದು ಅವಳ ಪಕ್ಕ ಕೂತೆ.