ಬೀಗರ ಕ್ಯಾಸೆಟ್ಟಿನ ಹಿಂಬದಿ

ಕಮ್ಮರಡಿಯ ಗಗನಾಳನ್ನು ಯಾರೂ ಗಗನಾ ಎಂದು ಕರೆಯುತ್ತಿರಲಿಲ್ಲ. ಅಂಗಡಿಗೆ ಹೋದರೆ ಬೀಗರ ಮಗಳು, ಬಸ್ಸು ಹತ್ತಿದರೆ ಬೀಗರ ಮಗಳು. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಮಾತ್ರ ಅವಳಿಗೆ ಸ್ವಂತ ಹೆಸರಿತ್ತು. ಹಾಗಂತ ಅವಳಪ್ಪ ರೇಣುಕಪ್ಪ ನಿಜವಾಗಿ ಯಾರಿಗೂ ಬೀಗರಾಗಿರಲಿಲ್ಲ. ಇದ್ದ ಒಬ್ಬಳೇ ಮಗಳಿಗೆ ಇನ್ನೂ ಮದುವೆಯೇ ಆಗಿರಲಿಲ್ಲವಲ್ಲ. ‘ಕೊಡೆ ಮರೆತ ಬೀಗರು’ ಎಂಬ ನಾಟಕದಲ್ಲಿ ಅವರು ಬೀಗರ ಪಾತ್ರ ಮಾಡುತ್ತಿದ್ದರು. ಅದೊಂದು ಪಾತ್ರದಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರೂ ಕಡೆಯ ಜನರನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ್ದರು. ಹುಟ್ಟಿದ ಹೆಸರು ಅವರಿಗೂ ಮರೆತುಹೋಗಿತ್ತೋ ಏನೋ, ರೇಣುಕಪ್ಪ ಎಂದು ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ.

ನಾಟಕದ ಕಥೆ ಇಷ್ಟೇ. ಒಬ್ಬ ಅಪ್ಪ ಮಗಳನ್ನು ಗಂಡನ ಮನೆಗೆ ಬಿಡಲು ಹೋಗಿ ಕೊಡೆ ಮರೆತು ಬರುತ್ತಾನೆ. ತರಲು ಹೋದವನು ಎಲೆಯಡಿಕೆ ಚೀಲ ಮರೆಯುತ್ತಾನೆ, ಅದನ್ನು ತರಲು ಹೋದವನು ಮತ್ತೆ ಕೊಡೆ ಮರೆಯುತ್ತಾನೆ. ಮೊದಲರ್ಧ ಪೂರ್ತಿ ಇದೇ ಫಜೀತಿ, ಜನ ಬಿದ್ದು ಬಿದ್ದು ನಗುತ್ತಿದ್ದರು. ಎರಡನೆಯ ಅರ್ಧದಲ್ಲಿ ಮಗಳಿಗೆ ಗೊತ್ತಾಗುತ್ತದೆ, ಅಪ್ಪ ಮರೆತದ್ದಲ್ಲ, ತನ್ನ ಮುಖ ನೋಡುವ ನೆಪಕ್ಕೆ ಬಿಟ್ಟು ಹೋದದ್ದು ಎಂದು. ಆಗ ಅಪ್ಪ ಮಗಳಿಗೆ ಹೇಳುವ ಒಂದು ಹತ್ತು ನಿಮಿಷದ ಮಾತಿತ್ತು. ಅಷ್ಟು ಹೊತ್ತೂ ನಕ್ಕವರು ಆಮೇಲೆ ಸೆರಗು, ಟವೆಲು ಹುಡುಕುತ್ತಿದ್ದರು.

ಈ ನಾಟಕವನ್ನು ತೊಂಬತ್ತಾರರಲ್ಲಿ ಕೊಪ್ಪದ ಅಬ್ದುಲ್ ಸಲಾಂ ಕ್ಯಾಸೆಟ್ಟಿಗೆ ಇಳಿಸಿಕೊಂಡರು. ಸಲಾಂ ಸಾಹೇಬರದ್ದು ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ಟಿನ ಅಂಗಡಿ, ಜೊತೆಗೆ ಮೈಕ್ ಸೆಟ್ಟು. ಕ್ಯಾಸೆಟ್ಟಿನ ಒಂದು ಬದಿಗೆ ನಗು, ಇನ್ನೊಂದು ಬದಿಗೆ ಅಳು. ಅದು ಎಷ್ಟು ಬಸ್ಸುಗಳಲ್ಲಿ ಓಡಿತು ಎಂದರೆ ಡ್ರೈವರುಗಳಿಗೆ ನಗುವಿನ ಬದಿಯ ಮಾತೆಲ್ಲ ಬಾಯಿಪಾಠ. ಈಗಿನವರಿಗೆ ಇದು ಹೇಳಿದರೂ ತಿಳಿಯದು. ನಮ್ಮ ಕಡೆ ಆಗ ಯಾರು ಗಾಯಕರು, ಯಾರು ಕಲಾವಿದರು ಎಂದು ತೀರ್ಮಾನ ಮಾಡುತ್ತಿದ್ದದ್ದು ಟಿವಿಯೂ ಅಲ್ಲ, ಪೇಪರೂ ಅಲ್ಲ, ಬಸ್ಸಿನ ಟೇಪ್‌ ರೆಕಾರ್ಡರ್. ಬಸ್ಸಿನಲ್ಲಿ ಹಾಕಿದರೆ ನೀವು ಗೆದ್ದಿರಿ, ಹಾಕದಿದ್ದರೆ ಎಂತಹ ಗಂಧರ್ವರಾದರೂ ಮನೆಯಲ್ಲೇ ಹಾಡಿಕೊಂಡಿರಬೇಕು.

ಗಗನಾಳಿಗೆ ಬೇಕಾದದ್ದೂ ಅದೇ. ತನ್ನ ಹಾಡು ಬಸ್ಸಿನಲ್ಲಿ ಬರಬೇಕು. ಹಾಕಿ ಎಂದು ಜನ ಕೇಳಬೇಕು. ಬೀಗರ ಮಗಳ ಹಾಡು ಎಂದಲ್ಲ, ಗಗನಾಳ ಹಾಡು ಎಂದು. ಡಿಗ್ರಿ ಓದುವಾಗಲೇ ಆರ್ಕೆಸ್ಟ್ರಾ ಸೇರಿದಳು. ಗಣಪತಿ ಪೆಂಡಾಲು, ಶಾಲೆಯ ವಾರ್ಷಿಕೋತ್ಸವ, ಸಂಘದ ಬೆಳ್ಳಿಹಬ್ಬ, ಎಲ್ಲಿ ಕರೆದರೂ ಹೋದಳು. ಕಂಠ ಚೆನ್ನಾಗಿತ್ತು, ಕುಣಿಯುತ್ತ ಹಾಡುವ ಗತ್ತೂ ಇತ್ತು. ಪಾಪ್ ಆಲ್ಬಮ್ಮುಗಳ ಹುಚ್ಚು ಹತ್ತಿದ ಕಾಲ ಅದು. ಜೀನ್ಸ್ ಪ್ಯಾಂಟು ಹಾಕಿ ಮೈಕು ಹಿಡಿದ ಹುಡುಗಿ ಶೃಂಗೇರಿಯ ವೇದಿಕೆಯಲ್ಲಿ ಅಲ್ಲಿಯವರೆಗೂ ನಿಂತಿರಲಿಲ್ಲ. ಚಪ್ಪಾಳೆ ಜೋರಾಗಿಯೇ ಬಿತ್ತು. ಬಿದ್ದ ಮೇಲೆ ನಿರೂಪಕನ ಕೈಗೆ ಚೀಟಿಗಳು ಬಂದವು. ಹನ್ನೊಂದರಲ್ಲಿ ಹತ್ತು ಚೀಟಿಯಲ್ಲಿ ಒಂದೇ ಬೇಡಿಕೆ: ‘ಬೀಗರ ಡೈಲಾಗು ಹೇಳಿಸಿ.’ ಹನ್ನೊಂದನೆಯದು ಯಾರದೋ ಕಳೆದುಹೋದ ಚಪ್ಪಲಿಯ ವಿಷಯ.

ಎರಡು ಸಾವಿರದ ಒಂದರಲ್ಲಿ ಅವಳು ಶಿವಮೊಗ್ಗಕ್ಕೆ ಹೋಗಿ, ಸ್ಟುಡಿಯೋದಲ್ಲಿ ನಿಂತು ಆರು ಹಾಡು ರೆಕಾರ್ಡು ಮಾಡಿಸಿದಳು. ಆಲ್ಬಮ್ಮಿನ ಹೆಸರು ‘ಏಳೂವರೆ ಬಸ್ಸು’. ಮೊದಲ ಹಾಡು ಅವಳೇ ಬರೆದದ್ದು:

ಏಳೂವರೆ ಬಸ್ಸಿಗೆ ಬರುವೆನೆಂದ
ಎಂಟಾದರೂ ಕಾಣೆ,
ಟಿಕೇಟು ಎರಡು ತೆಗೆದೆ ನಾನು
ಸೀಟಿಗೆ ಒಬ್ಬಳೇ ರಾಣಿ.

ಬಸ್ಸಿನಲ್ಲಿ ಹಾಕಲೆಂದೇ ಬಸ್ಸಿನ ಹಾಡು ಬರೆದಿದ್ದಳು, ಅಷ್ಟು ಜಾಣೆ. ಆದರೆ ಕ್ಯಾಸೆಟ್ಟುಗಳು ಸಲಾಂ ಸಾಹೇಬರ ಗಾಜಿನ ಕಪಾಟಿನಲ್ಲಿ ಧೂಳು ತಿನ್ನುತ್ತ ಕೂತವು. ಕೇಳುವವರೇ ಇಲ್ಲ. ಮನೆಯಲ್ಲಿ ಅವಳು ಊಟ ಬಿಟ್ಟಳು, ಮಾತು ಬಿಟ್ಟಳು. ತಾಯಿ ವನಜಮ್ಮ, “ಎಂತ ಮಾರಾಯ್ತಿ, ಹಾಡು ಓಡ್ದಿದ್ರೆ ಅನ್ನ ಎಂತ ಮಾಡ್ತು?” ಎಂದು ಬೈದರು. ರೇಣುಕಪ್ಪ ಮರುದಿನ ಅಂಗಿ ಹಾಕಿಕೊಂಡು ಕೊಪ್ಪಕ್ಕೆ ಹೋದರು.

ಒಂದು ತಿಂಗಳು ಕಳೆದಿರಬೇಕು. ಗಗನಾ ಕೊಪ್ಪದಿಂದ ಶೃಂಗೇರಿಗೆ ಬೆಳಗಿನ ಬಸ್ಸು ಹತ್ತಿದಳು. ಡ್ರೈವರು ಕೊಪ್ಪದ ಹತ್ತಿರದ ಹಳ್ಳಿ ನಾರ್ವೆಯ ಷಡಕ್ಷರಿ. ಬೀಗರ ಕ್ಯಾಸೆಟ್ಟು ಓಡುತ್ತಿತ್ತು, ಜನ ಎಂದಿನಂತೆ ನಗುತ್ತಿದ್ದರು. ಮೊದಲ ಬದಿ ಮುಗಿದು ಷಡಕ್ಷರಿ ಕ್ಯಾಸೆಟ್ಟು ತಿರುಗಿಸಿ ಹಾಕಿದ. ಬಂದದ್ದು ನಾಟಕದ ಎರಡನೆಯ ಅರ್ಧವಲ್ಲ. “ಏಳೂವರೆ ಬಸ್ಸಿಗೆ ಬರುವೆನೆಂದ…” ಗಗನಾ ಹಿಂದಿನ ಸೀಟಿನಲ್ಲಿದ್ದಳು. ತನ್ನ ದನಿ! ಬಸ್ಸಿನಲ್ಲಿ! ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದು ಕೂತಳು. ಎರಡು ಸಾಲು ಮುಗಿದಿರಲಿಲ್ಲ, ಮುಂದಿನಿಂದ ಒಬ್ಬರು, “ಷಡಕ್ಷರಿ, ಇದೆಂತದು ಮಾರಾಯ? ತೆಗಿ ಅತ್ಲಾಗೆ, ಬೀಗರನ್ನೇ ಇನ್ನೊಂದ್ಸಲ ಹಾಕು” ಎಂದರು. ಹೌದು ಹೌದು ಎಂದು ನಾಲ್ಕು ಜನ ದನಿಗೂಡಿಸಿದರು. ಷಡಕ್ಷರಿ ಕ್ಯಾಸೆಟ್ಟು ತಿರುಗಿಸಿದ. ಗಗನಾ ಮುಂದಿನ ಸ್ಟಾಪಿನಲ್ಲಿ ಇಳಿದು, ಬಂದ ದಾರಿಯಲ್ಲಿ ನಡೆದುಕೊಂಡೇ ಹೊರಟಳು. 

ಮನೆಗೆ ಬಂದವಳೇ ಅಪ್ಪನೆದುರು ನಿಂತಳು. “ಅಪ್ಪಯ್ಯ, ನಿಮ್ಮ ಕ್ಯಾಸೆಟ್ಟಿನ ಹಿಂದೆ ನನ್ನ ಹಾಡು ಹಾಕ್ಸಿದ್ದು ಯಾರು?”

“ನಾನೇ. ಎಂತ ಆಯ್ತು? ನನ್ನ ಕೇಳೋರು ಹಂಗೇ ನಿನ್ನನ್ನೂ ಕೇಳ್ಲಿ ಅಂತ.”

“ನಿಮ್ಮ ಬೆನ್ನ ಮೇಲೆ ಕೂತ್ಕಂಡು ಊರೂರು ತಿರುಗೋಕೆ ನಾನೇನು ಕೂಸಾ? ಇವತ್ತು ನನ್ನ ಮರ್ಯಾದೆ ಹೋಯ್ತು. ಇನ್ಮೇಲೆ ನನ್ನ ವಿಷಯಕ್ಕೆ ಬರ್ಬೇಡಿ.”

ರೇಣುಕಪ್ಪ ನಗಿಸಲು ನೋಡಿದರು, ಬೀಗರ ಹಾಗೆ ಹುಬ್ಬು ಕುಣಿಸಿದರು. ಅವಳು ಬಾಗಿಲು ಹಾಕಿಕೊಂಡಳು. ಅಪ್ಪ ಮಗಳು ಆಮೇಲೂ ಊಟ ಮಾಡಿದರು, ಮಾತಾಡಿದರು, ಹಬ್ಬ ಮಾಡಿದರು. ಕ್ಯಾಸೆಟ್ಟಿನ ಸುದ್ದಿ ಮಾತ್ರ ಎತ್ತಲಿಲ್ಲ. ನಾಟಕದ ಉಳಿದರ್ಧ ಏನಾಯಿತು ಎಂದು ಅವಳು ಕೇಳಲೂ ಇಲ್ಲ. ಬೀಗರ ಕ್ಯಾಸೆಟ್ಟಿಗೇನು ಬರವೇ, ಮನೆಮನೆಯಲ್ಲೂ ಇರುತ್ತದೆ ಎಂದುಕೊಂಡಿದ್ದಳು.

ಅವಳ ಬದುಕು ನಿಲ್ಲಲಿಲ್ಲ. ನರಸಿಂಹರಾಜಪುರದ ಆರ್ಕೆಸ್ಟ್ರಾದಲ್ಲಿ ಮುಖ್ಯ ಗಾಯಕಿಯಾದಳು. ಕೇಬಲ್ ಟಿವಿಯವರು ತೆಗೆದ ಟೆಲಿಫಿಲ್ಮಿನಲ್ಲಿ ನಾಯಕಿಯಾದಳು, ಮೂರು ವಾರ ಊರೆಲ್ಲ ಅದನ್ನೇ ನೋಡಿತು. ಆಮೇಲೆ ಒಂದು ಧಾರಾವಾಹಿಗೆ ಕರೆ ಬಂತು. ಹೋದರೆ ಕೊಟ್ಟದ್ದು ಮನೆಗೆಲಸದವಳ ಪಾತ್ರ. “ನಿಮ್ಮ ತಂದೆ ಥರ ಸ್ವಲ್ಪ ನಗಿಸಿಬಿಡಿ” ಎಂದರು ನಿರ್ದೇಶಕರು. ನಲವತ್ತು ಕಂತು ಕಸ ಗುಡಿಸಿ, ನಗಿಸಿ, ವಾಪಸು ಬಂದು ಕೊಪ್ಪದಲ್ಲಿ ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡತೊಡಗಿದಳು. ಸೋತೆ ಎನ್ನಿಸಿದ ದಿನಗಳಿದ್ದವು. ಆದರೂ ಆ ವೇದಿಕೆಗಳು, ಆ ಮಿಣುಕು ಲೈಟುಗಳು, ವ್ಯಾನಿನಲ್ಲಿ ತಬಲಾ ಡಬ್ಬಿಗಳ ಮೇಲೆ ಕಾಲು ಚಾಚಿ ಬಾಳೆಹೊನ್ನೂರಿನ ತಿರುವು ದಾಟುತ್ತಿದ್ದ ಸಂಜೆಗಳು, ಇವೆಲ್ಲ ನೆನಪಾದರೆ ಈಗಲೂ ಅವಳ ಮುಖ ಅರಳುತ್ತದೆ.

ಎರಡು ಸಾವಿರದ ಐದರಲ್ಲಿ ರೇಣುಕಪ್ಪನವರ ಗಂಟಲಿಗೆ ಆಪರೇಷನ್ ಆಯಿತು. ದನಿ ಹೋಯಿತು. ಊರನ್ನೆಲ್ಲ ನಗಿಸಿದ ಮನುಷ್ಯ ಎರಡು ವರ್ಷ ಮೂಕರಾಗಿ ಬದುಕಿ ಹೋಗಿಬಿಟ್ಟರು.

ಎರಡು ಸಾವಿರದ ಎಂಟರ ಕೊನೆಯಲ್ಲಿ ಕೊಪ್ಪದಲ್ಲಿ ಅವರ ನೆನಪಿಗೊಂದು ಕಾರ್ಯಕ್ರಮ ಇಟ್ಟರು. ಬೀಗರು ಮಗಳಿಗೆ ಹೇಳುವ ಆ ಮಾತನ್ನು ಮೈಕಿನಲ್ಲಿ ಕೇಳಿಸೋಣ, ಕ್ಯಾಸೆಟ್ಟು ತನ್ನಿ ಎಂದು ಗಗನಾಳಿಗೆ ಹೇಳಿದರು. ಅವಳು ಮನೆಯ ಕ್ಯಾಸೆಟ್ಟು ಹಾಕಿದಳು. ಹಿಂಬದಿಯಲ್ಲಿ ತನ್ನದೇ ಹಾಡು. ಆಗ ಅವಳು ಆ ಮಾತನ್ನು ನೆನಪು ಮಾಡಿಕೊಳ್ಳಲು ಕೂತಳು. “ಕೊಡೆ ಮರ್ತಿದ್ದಲ್ಲ ಮಗಾ…” ಅಷ್ಟೇ ಬಂತು. ಮುಂದಿನದು ಬರಲೇ ಇಲ್ಲ. ನೂರು ಸಲ ಪರದೆಯ ಹಿಂದೆ ನಿಂತು ಕೇಳಿದವಳಿಗೆ, ಅಪ್ಪನ ದನಿಯಲ್ಲಿ ಆ ಮಾತು ಒಂದು ಸಲ ಕೇಳದಿದ್ದರೆ ಜೀವ ಹೋಗುತ್ತದೆ ಎನ್ನಿಸಿತು.

ಓಡಿದಳು ಸಲಾಂ ಸಾಹೇಬರ ಹತ್ತಿರ. ಅಷ್ಟರಲ್ಲಿ ಅವರ ಅಂಗಡಿ ಮೊಬೈಲ್ ಅಂಗಡಿಯಾಗಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಮ್ಮಾ, ಕಾಪಿ ತೆಗೆಯೋ ಮಾಸ್ಟರ್ ಕ್ಯಾಸೆಟ್ಟಿನ ಮೇಲೇ ನಿಮ್ಮ ಹಾಡು ಹೊಡೆಸಿದ್ರು ನಿಮ್ಮ ತಂದೆ. ಯಾರೂ ಅಳಿಸ್ಬಾರ್ದು ಅಂತ ನಾನು ಅದ್ರ ಹಿಂದಿನ ಪ್ಲಾಸ್ಟಿಕ್ ಚೂರು ಮುರ್ದಿಟ್ಟಿದ್ದೆ. ಆ ತೂತಿಗೆ ಪೇಪರ್ ಅಂಟ್ಸಿ ರೆಕಾರ್ಡ್ ಮಾಡು ಅಂದ್ರು. ಬೇಡ ಬೀಗ್ರೇ, ಇದೊಂದೇ ಇರೋದು ಅಂದೆ. ಕೇಳ್ಲಿಲ್ಲ. ‘ನಾಟಕ ಎಲ್ಲಿಗೆ ಹೋಗ್ತದೆ ಸಾಹೇಬ್ರೇ, ನಾಳೆ ಇನ್ನೊಂದ್ಸಲ ಆಡಿದ್ರಾಯ್ತು. ಹುಡುಗಿ ಊಟ ಬಿಟ್ಟಿದಾಳೆ’ ಅಂದ್ರು.”

“ಮೊದ್ಲು ಮಾರಿದ್ದು ಇರ್ತಾವಲ್ಲ?”

“ಅದನ್ನೂ ಬಿಡ್ಲಿಲ್ಲ ಅವ್ರು. ಮನೆಮನೆಗೆ, ಬಸ್ಸುಬಸ್ಸಿಗೆ ಹೋಗಿ, ಹಳೇದು ಕೊಡಿ, ಹೊಸದು ತಗಳಿ ಅಂತ ಬದಲಾಯ್ಸಿದ್ರು. ತಂದು ನಂಗೇ ಕೊಡೋರು. ಅದ್ರ ಮೇಲೇ ನಿಮ್ಮ ಹಾಡು ತುಂಬ್ಸಿ ಕೊಡ್ತಿದ್ದೆ.” ಸ್ವಲ್ಪ ಯೋಚಿಸಿ, “ನಾರ್ವೆ ಷಡಕ್ಷರಿ ಹತ್ರ ನೋಡಿ. ಮೊದಲ ಕಾಪಿ ಅವಂಗೇ ಕೊಟ್ಟಿದ್ದು. ಅವ ಒಂದು ಮೊಳೆನೂ ಬಿಸಾಡೋನಲ್ಲ” ಎಂದರು.

ಮೂರು ತಾಲೂಕು ತಿರುಗಿ, ಸಿಕ್ಕಿದ ಇಪ್ಪತ್ತಕ್ಕೂ ಹೆಚ್ಚು ಕ್ಯಾಸೆಟ್ಟಿನಲ್ಲಿ ಬರೀ ತನ್ನ ದನಿಯನ್ನೇ ಕೇಳಿದ ಮೇಲೆ, ಕಡೆಗೆ ಗಗನಾ ನಾರ್ವೆಗೆ ಹೋದಳು. ಷಡಕ್ಷರಿ ಕೆಲಸದಿಂದ ನಿವೃತ್ತನಾಗಿದ್ದ. ಅವನ ಹೆಂಡತಿ ಸುಬ್ಬಮ್ಮ ಜಗಲಿಯಲ್ಲಿ ಅವಲಕ್ಕಿ ಹಸನು ಮಾಡುತ್ತಿದ್ದರು. ಬೀಗರ ಕ್ಯಾಸೆಟ್ಟು ಎಂದದ್ದೇ ತಡ, ಒಳಗಿನಿಂದ ಟೇಪ್‌ ರೆಕಾರ್ಡರನ್ನೇ ಹೊತ್ತು ತಂದರು. ಕ್ಯಾಸೆಟ್ಟು ಅದರೊಳಗೇ ಇತ್ತು. ಗುಂಡಿ ಒತ್ತಿದರು.

“ಏಳೂವರೆ ಬಸ್ಸಿಗೆ ಬರುವೆನೆಂದ…”

ಗಗನಾ ಪಕ್ಕದಲ್ಲಿದ್ದ ಷಡಕ್ಷರಿಯತ್ತ ತಿರುಗಿದಳು. ಷಡಕ್ಷರಿ ಹೇಳಿದ, “ಹಳೇದು ಬೀಗ್ರೇ ಬಂದು ತಗಂಡೋದ್ರು. ಇದನ್ನ ಬಸ್ಸಲ್ಲಿ ಜನ ಕೇಳ್ಲಿಲ್ಲ, ಮನೆಗೆ ತಂದಿಟ್ಟೆ.”

ಸುಬ್ಬಮ್ಮನಿಗೆ ಇದಾವುದೂ ಕೇಳಿಸಿರಲಿಲ್ಲ. ಅವಲಕ್ಕಿ ಕೇರುತ್ತ ಹಾಡಿನ ಜೊತೆ ಹಾಡುತ್ತಿದ್ದರು. ಒಂದು ಸಾಲು ಬಿಡಲಿಲ್ಲ, ಗಗನಾ ಉಸಿರು ತೆಗೆದುಕೊಂಡ ಕಡೆಯಲ್ಲೇ ಉಸಿರು ತೆಗೆದುಕೊಂಡರು. ಹಾಡು ಮುಗಿದ ಮೇಲೆ ಅವಳ ಮುಖ ನೋಡಿ, “ಇದು ಹಾಡಿದ ಗಗನಾ ನೀನೇ ಅಲ್ದಾ? ದನಿ ಕೇಳಿದ್ರೆ ಗೊತ್ತಾಗ್ತದೆ. ನಮ್ಮನೇಲಿ ದಿನಾ ಇದೇ ಸೈಡು. ಆ ಕಡೆದು ಹಾಕ್ದೆ ಎಷ್ಟೋ ವರ್ಷ ಆಯ್ತು” ಎಂದರು.

ಯಾವ ಮಾತಿಗಾಗಿ ಹತ್ತು ವರ್ಷ ಗಂಟಲು ಹರಿದುಕೊಂಡಿದ್ದಳೋ ಆ ಮಾತು ಅದು.

“ಸುಬ್ಬಮ್ಮಾ, ಮೊದಲು ಇದ್ರಲ್ಲಿ ನಮ್ಮಪ್ಪಯ್ಯಂದು ಒಂದು ಮಾತಿತ್ತು. ಮಗಳಿಗೆ ಹೇಳೋದು. ಒಂಚೂರಾದ್ರೂ ನೆನಪಿದ್ಯಾ?”

ಸುಬ್ಬಮ್ಮ ಕೇರುವುದು ನಿಲ್ಲಿಸಿದರು. “ಇತ್ತು ಕಣೇ. ಕೇಳಿ ಅಳ್ತಿದ್ದೆ ನಾನು. ಎಂತ ಹೇಳ್ತಿದ್ರು… ಊಹೂಂ. ನಿನ್ನ ಹಾಡೇ ಬರ್ತದೆ ನೋಡು ಬಾಯಿಗೆ.”

ಗಗನಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸುಬ್ಬಮ್ಮನಿಗೆ ಮೊದಲು ಗಾಬರಿಯಾಯಿತು, ಆಮೇಲೆ ಹೊಗಳಿದ್ದಕ್ಕೆ ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡರು. ಬೆನ್ನು ಸವರಿ, ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಅವಳಿಗಾಗಿ ಅದೇ ಹಾಡನ್ನು ಇನ್ನೊಮ್ಮೆ ಹಾಕಿದರು.