ಕೂಸಿನ ತಲಿ ಒತ್ತಬ್ಯಾಡ್ರಿ

ಇವತ್ತ ನನಗ ಭಾಳ ಸಿಟ್ಟು ಬಂದದ ನೋಡ್ರೆಪ್ಪಾ. ಆರು ತಿಂಗಳ ಮೊಮ್ಮಗಳ ತಲಿ ಹಿಂದ ಚಪ್ಪಟ ಆಗ್ಯದಂತ ಹೈದರಾಬಾದಿನ ಡಾಕ್ಟರು ತಲಿ ಆಕಾರ ಸರಿ ಮಾಡೋ ಹೆಲ್ಮೆಟ್ ಹಾಕ್ಯಾರ. ಮಗ, ಸೊಸಿ ಕೂಡಿ ವಿಚಾರ ಮಾಡೇ ಒಪ್ಪಿದ್ದರು. ಮುಂಜಾನಿ ಸೊಸಿ ಜಳಕಕ್ಕ ಹೋದಾಗ, ವಾಡಿಯಿಂದ ಬಂದ ನಮ್ಮ ಮನೆಯವರ ಅಕ್ಕ ಅದನ್ನ ಬಿಚ್ಚಿ, ಎಣ್ಣಿ ಹಚ್ಚಿ, ಎರಡೂ ಅಂಗೈಲೆ ಕೂಸಿನ ತಲಿ ಒತ್ತಲಿಕತ್ತಿದ್ದರು. ಕೂಸು ಉಸಿರುಗಟ್ಟಿ ಅಳಲಿಕತ್ತಿತ್ತು.

"ಬಿಡ್ರಿ ಅಕ್ಕಾ," ಅಂದೆ.

"ಎಂಬತ್ತನಾಲ್ಕರಾಗ ನಿನ್ನ ಮಗನ ತಲಿನೂ ನಾನೇ ಹಿಂಗ ಒತ್ತಿ ಗುಂಡಗ ಮಾಡೀನಿ. ಆವಾಗ ನೀ ಏನರ ಅಂದಿದ್ದಿ ಏನು?"

ಅಂದಿರಲಿಲ್ಲ. ಶಹಾಬಾದಿಗೆ ಬಂದ ಹೊಸಾ ಸೊಸಿ ನಾನು, ಇಪ್ಪತ್ತು ವರ್ಷದಾಕಿ. ಮಗ ಚೀರತಿದ್ದ, ನಾ ಬಾಗಿಲ ಹಿಂದ ಬಾಯಾಗ ಸೆರಗು ತುರುಕ್ಕೊಂಡು ನಿಂತಿದ್ದೆ.

ಇವತ್ತ ಅಕ್ಕನ ಕೈ ಹಿಡದು ಸರಿಸಿ, ಕೂಸಿನ್ನ ಎತ್ತಿಕೊಂಡೆ. ಗದ್ದಲ ಕೇಳಿ ಮಗ ಬಂದ. ಕೂದಲು ಉದುರಿದ ಅವನ ತಲಿ ತಿರುಗಿಸಿ ಅವರಿಗೆ ತೋರಿಸಿದೆ. ಹಿಂಭಾಗ ಇವತ್ತಿಗೂ ಶಹಾಬಾದ ಫರಸಿಕಲ್ಲಿನ ಹಂಗ ಸಪಾಟ ಅದ.

ಅಕ್ಕ ಸಿಟ್ಟಾಗಿ ಊಟಕ್ಕ ಬರಲಿಲ್ಲ. ಒಂದು ಸಲ ಕರದೆ. ಎರಡನೇ ಸಲ ಕರೀಲಿಲ್ಲ.