ಬೊಟ್ಟಿಟ್ಟ ದಡಿಗಳು

ಮುಧೋಳದಲ್ಲಿ ಮಾಸ್ತರಿಕೆ ಮಾಡುವ ನಮ್ಮ ಅಕ್ಕನ ಗಂಡನಿಗೂ ನನಗೂ ಜಗಳವಾಡಲು ಆಸ್ತಿ ಬೇಕಿಲ್ಲ, ಕಂಪ್ಯೂಟರ್ ಸಾಕು. ಕಂಪ್ಯೂಟರ್ ನಡೆಸಲು ಭಾವನದು ಲಿನಕ್ಸ್, ನನ್ನದು ವಿಂಡೋಸ್. ನಾನು ಬನಹಟ್ಟಿಯಲ್ಲಿ ಸೀರೆಯ ದಡಿಗೆ, ಅಂದರೆ ಅಂಚಿಗೆ, ನಕ್ಷೆ ಬರೆಯುವವನು.

“ಹತ್ತ ವರ್ಷದ ಹಳೇ ಮಷೀನಿನ್ಯಾಗೂ ಸರಳ ಓಡತೈತಿ ನಮ್ದು,” ಎನ್ನುತ್ತಿದ್ದರು ಭಾವ.

“ಓಡತೈತಿ ಖರೆ. ಅದರಾಗ ನನ್ನ ನಕ್ಷಿ ಸಾಫ್ಟ್‌ವೇರ್ ಓಡತೈತೇನ್ರಿ?” ಎಂದರೆ ಅಕ್ಕನಿಗೆ ಚಹಾ ಇಡಲು ಹೇಳಿ ಮಾತು ತಿರುಗಿಸುತ್ತಿದ್ದರು. ಆ ಸುಖವೇ ಬೇರೆ.

ಕಳೆದ ವರ್ಷ ಡಿಸ್ಕಿನಲ್ಲಿ ಜಾಗ ಮಾಡುವ ಭರದಲ್ಲಿ ನಾನೇ ಏನೋ ಅಳಿಸಿಬಿಟ್ಟೆ. ವಿಂಡೋಸ್ ಮತ್ತೆ ಏಳಲಿಲ್ಲ. ಅದರೊಳಗೆ ಅವ್ವನ ದಡಿಗಳಿದ್ದವು. ಕೈಮಗ್ಗದಲ್ಲೇ ಜೀವ ಸವೆಸಿದ ಅವಳು, ತೀರಿಕೊಳ್ಳುವ ಮುಂಚಿನ ವರ್ಷ ಒಂದೊಂದೇ ಎಳೆ ಎಣಿಸಿ ಹೇಳಿದ್ದಳು. ನಾನು ಪರದೆಯ ಮೇಲೆ ಎಳೆಗೊಂದು ಚೌಕ ತುಂಬಿದ್ದೆ. ಬೇರೆಲ್ಲೂ ಪ್ರತಿ ಇಟ್ಟಿರಲಿಲ್ಲ. ಸೋಮಾರಿತನ, ಮತ್ತೇನಿಲ್ಲ.

ನಾಚಿಕೆ ಬಿಟ್ಟು ಭಾವನಿಗೇ ಫೋನ್ ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ಬಂದರು. ಪೆನ್‌ಡ್ರೈವ್ ಚುಚ್ಚಿ, ಅದರಿಂದಲೇ ಲಿನಕ್ಸ್ ಎಬ್ಬಿಸಿದರು. ಡಿಸ್ಕಿನಲ್ಲಿ ಏನನ್ನೂ ಬದಲಿಸದೆ ಒಳಗಿರುವುದನ್ನು ತೋರಿಸುವುದು ಅದರ ಹೆಚ್ಚುಗಾರಿಕೆ. ಫೋಲ್ಡರ್ ತೆರೆಯಿತು. ಅರೆಬರೆ ನಕ್ಷೆಗಳೆಲ್ಲ ಇದ್ದವು. ಅವ್ವನವು ಒಂದೂ ಇಲ್ಲ.

“ಹೋದ್ವು ಕಾಣ್ತೈತ್ರಿ,” ಎಂದೆ.

“ಹೆಸರ ಏನ ಇಟ್ಟಿದ್ದಿ?”

ಕಾಗದದ ನಕ್ಷೆ ಮುಗಿದರೆ ಅದರ ನೆತ್ತಿಗೆ ಕುಂಕುಮದ ಬೊಟ್ಟಿಡುವುದು ನಮ್ಮ ಮನೆಯ ರೂಢಿ. ಅವ್ವ ಕಂಪ್ಯೂಟರಿನಲ್ಲೂ ಅದನ್ನು ಬಿಡಲಿಲ್ಲ. ಅದಕ್ಕೇ ಮುಗಿದ ಪ್ರತಿ ಫೈಲಿನ ಹೆಸರಿನ ಮುಂದೆ ಒಂದು ಚುಕ್ಕಿ ಹಾಕಿದ್ದೆ. ಹಾಗೆಂದು ಹೇಳಿದೆ.

ಭಾವ ನನ್ನನ್ನೇ ದಿಟ್ಟಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. “ಲೇ ಶಾಣ್ಯಾ, ವಿಂಡೋಸಿಗೆ ಚುಕ್ಕಿ ಅಂದ್ರ ಬರೇ ಚುಕ್ಕಿ. ಲಿನಕ್ಸಿನ್ಯಾಗ ಹೆಸರಿಗೆ ಮುಂದ ಚುಕ್ಕಿ ಇಟ್ರ ಆ ಫೈಲ್ ಮುಚ್ಚಿಡು ಅಂತ ಅರ್ಥ. ಅಲ್ಲೇ ಅದಾವ ತಡಿ!” ಎಂದು ಎರಡು ಕೀಲಿ ಒತ್ತಿದರು. ಅವ್ವನ ಹನ್ನೊಂದು ದಡಿಗಳೂ ಸಾಲಾಗಿ ಬಂದವು.

ಉಸ್ಸೆಂದು ಅಲ್ಲೇ ನೆಲದ ಮೇಲೆ ಕುಳಿತೆ. ಅಷ್ಟು ಹಗುರ ನನಗೆ ಎಂದೂ ಆಗಿರಲಿಲ್ಲ.

“ಗೆದ್ರಿ ತಗೋರಿ,” ಎಂದೆ. ಅವರು ಆ ಮಾತು ಕೇಳಿಸಿಕೊಳ್ಳಲೇ ಇಲ್ಲ. ನಕ್ಷೆಯ ಸಾಫ್ಟ್‌ವೇರ್ ಇಲ್ಲದೆಯೂ ತೆರೆಯುವ ಸಾದಾ ಚಿತ್ರದ ಫೈಲುಗಳವು; ಒಂದು ದಡಿಯನ್ನು ಪರದೆಯ ತುಂಬ ತೆರೆದರು. ನಾನು ಎದ್ದು ಪರದೆಗೆ ಬೆರಳಿಟ್ಟು, ಅವ್ವ ಎಣಿಸುತ್ತಿದ್ದ ಹಾಗೆ, ಜೋರಾಗಿ ಎಳೆ ಎಣಿಸಿದೆ. ಒಂದೂ ಕಡಿಮೆಯಾಗಿರಲಿಲ್ಲ. ಅವಳು ಹೋದ ದಿನ ಬಾರದ ಅಳು ಆಗ ಬಂತು.